ಗುಡಿಂಗ್ ನೈಟ್ ಆದ ಪ್ರಸಂಗ

ಕ್ರಿಕೆಟ್ ಆಡಿದವರಲ್ಲಿ ಕೆಲವರಿಗೆ ಮಾತ್ರ ರಾಣಿ ‘ಸರ್’ ಪದವಿ ಏಕೆ ಕೊಡುತ್ತಾಳೆ, ಮಿಕ್ಕವರಿಗೆ ಏಕೆ ಕೊಡುವುದಿಲ್ಲ ಎಂಬ ಪ್ರಶ್ನೆಗೆ ಲಂಡನ್ನಿನಲ್ಲಿ ಉತ್ತರ ಇದೆಯೋ ಇಲ್ಲವೋ ಕಾಣೆ. ಬ್ರಿಜ್‌ಟೌನಿನ ನಮ್ಮ ಹುಣಸೆಮರದ ಗಲ್ಲಿಯಲ್ಲಿ, ಮಿಸೆಸ್ ಪಿಲ್ಗ್ರಿಮ್ ಅವರ ರಮ್ಮಿನ ಅಂಗಡಿಯಲ್ಲಿ, ಉತ್ತರಕ್ಕೆ ಎಂದೂ ಬರಗಾಲ ಬಂದದ್ದಿಲ್ಲ. ಇದು ಇಂಗ್ಲೆಂಡಿನ ರಾಣಿ ಇನ್ನೂ ನಮ್ಮ ಬಾರ್ಬಡೋಸಿಗೂ ರಾಣಿಯಾಗಿದ್ದ ಕಾಲದ ಮಾತು. ನಮ್ಮದು ಎಷ್ಟು ಚಿಕ್ಕ ದ್ವೀಪವೆಂದರೆ, ಕಣ್ಣು ಮುಚ್ಚಿ ಕಲ್ಲು ಎಸೆದರೆ ಯಾರಾದರೊಬ್ಬ ಮಾಜಿ ಆಟಗಾರನಿಗೆ ತಗಲುತ್ತದೆ. ಸ್ವಲ್ಪ ಜೋರಾಗಿ ಎಸೆದರೆ ಒಬ್ಬ ಸರ್‌ಗೇ ತಗಲುತ್ತದೆ. ಹೀಗಾಗಿ ಈ ವಿಷಯದಲ್ಲಿ ನಾವೆಲ್ಲರೂ ಪಂಡಿತರೇ.

ಶನಿವಾರ ಮಧ್ಯಾಹ್ನ ಪುಡಿಂಗ್ ಮತ್ತು ಸೌಸ್, ಎಂದರೆ ಗೆಣಸಿನ ಕಡುಬು ಮತ್ತು ನಿಂಬೆಹುಳಿಯಲ್ಲಿ ನೆನೆಸಿದ ಹಂದಿಮಾಂಸ, ತಟ್ಟೆಗೆ ಬಿದ್ದ ಮೇಲೆ ಡಾಮಿನೋ ಮೇಜಿನ ಸುತ್ತ ಚರ್ಚೆ ಏಳುತ್ತಿತ್ತು. ಪದವಿ ಹೆಚ್ಚಾಗಿ ಬ್ಯಾಟ್ಸ್‌ಮನ್ನರ ಪಾಲಾಗುತ್ತದೆ, ಬೌಲರುಗಳಿಗೆ ಸಿಗುವುದು ಅಪರೂಪ ಎಂಬುದನ್ನು ಎಲ್ಲರೂ ಒಪ್ಪುತ್ತಿದ್ದರು. ಜಗಳ ಇದ್ದದ್ದು ಕಾರಣದ ಬಗ್ಗೆ. ಸುಂಕದ ಕಚೇರಿಯಿಂದ ನಿವೃತ್ತನಾದ ಡೆನ್ಜಿಲ್ ಟ್ರಾಟ್‌ಮನ್‌ಗೆ ಗೊತ್ತಿಲ್ಲದ ವಿಷಯ ಯಾವುದೂ ಇರಲಿಲ್ಲ. ಅವನ ಪ್ರಕಾರ, ರಾಣಿ ಸರ್ ಮಾಡುವುದು ಕತ್ತಿಯನ್ನು ಹೆಗಲಿಗೆ ಮುಟ್ಟಿಸಿ. ವೇಗದ ಬೌಲರನ ಹೆಗಲು ಅಷ್ಟು ಹೊತ್ತಿಗೆ ಎಕ್ಕುಟ್ಟಿ ಹೋಗಿರುತ್ತದೆ. ಕತ್ತಿ ತಾಗಿ ಕೀಲು ಕಳಚಿಬಿಟ್ಟರೆ ಏನು ಗತಿ ಎಂದು ಅರಮನೆಯ ವೈದ್ಯರೇ ಬೇಡ ಎನ್ನುತ್ತಾರೆ. ಮಿಸೆಸ್ ಪಿಲ್ಗ್ರಿಮ್ ಇದನ್ನು ಒಪ್ಪುತ್ತಿರಲಿಲ್ಲ. ಬೌಲರುಗಳಿಗೆ ಅಂಪೈರನ ಕಡೆ ತಿರುಗಿ ಅರಚಿ ಅರಚಿ ಅಭ್ಯಾಸ, ಅರಮನೆಯಲ್ಲೂ ಅರಚಿದರೆ ರಾಣಿಯ ಗಂಡನಿಗೆ ನಿದ್ದೆ ಕೆಡುತ್ತದೆ ಎಂಬುದು ಅವರ ವಾದ.

ಈ ಚರ್ಚೆಯಲ್ಲಿ ನ್ಯಾಯಕ್ಕಾಗಿ ಕಾದು ಕುಳಿತ ಕಕ್ಷಿದಾರನೊಬ್ಬನಿದ್ದ. ಅವನೇ ಆಲ್ರಿಕ್ ಗುಡಿಂಗ್, ನಮ್ಮ ಗಲ್ಲಿಯ ಮಾಜಿ ವೇಗದ ಬೌಲರ್. ದ್ವೀಪದ ತಂಡಕ್ಕೆ ಒಂದೇ ಒಂದು ಪಂದ್ಯ ಆಡಿದ್ದ. ಆ ಪಂದ್ಯದಲ್ಲಿ ಒಬ್ಬ ದೊಡ್ಡ ಬ್ಯಾಟ್ಸ್‌ಮನ್ನನ ನಡುವಿನ ಕಡ್ಡಿಯನ್ನು ಹಾರಿಸಿದ. ಅಂಪೈರು ನೋಬಾಲ್ ಎಂದ. ಆ ಬ್ಯಾಟ್ಸ್‌ಮನ್ ಅಲ್ಲಿಂದ ಮುಂದೆ ಶತಕ ಹೊಡೆದು, ತಂಡ ಸೇರಿ, ನಾಯಕನಾಗಿ, ಕೊನೆಗೆ ಸರ್ ಆದ. ಗುಡಿಂಗ್ ಮನೆಗಳಿಗೆ ಬಣ್ಣ ಬಳಿಯುವವನಾದ, ಅದೂ ಮನಸ್ಸು ಬಂದ ದಿನ. ಈಗ ಅರವತ್ತರ ಹತ್ತಿರ ಬಂದಿದ್ದರೂ ಆ ನೋಬಾಲಿನ ಮೇಲೆ ಅವನ ಮೇಲ್ಮನವಿ ಪ್ರತಿ ಶನಿವಾರ ವಿಚಾರಣೆಗೆ ಬರುತ್ತಿತ್ತು.

ಅವನ ಸಂಸಾರ ನಡೆಯುತ್ತಿದ್ದದ್ದು ಯುಡೋರಾ ಮೇನಾರ್ಡ್ ಬಸ್ ನಿಲ್ದಾಣದಲ್ಲಿ ಮಾರುತ್ತಿದ್ದ ಮೀನಿನ ಬೋಂಡದಿಂದ. ಇಬ್ಬರೂ ಒಂದೇ ಸೂರಿನಡಿ ಇಪ್ಪತ್ತಾರು ವರ್ಷದಿಂದ ಇದ್ದರು. ಮದುವೆ ಮಾತ್ರ ಆಗಿರಲಿಲ್ಲ. ಇದರಲ್ಲಿ ಹುಬ್ಬೇರಿಸುವಂಥದ್ದೇನಿಲ್ಲ; ನಮ್ಮಲ್ಲಿ ಮೊಮ್ಮಕ್ಕಳು ಹೂ ಹಿಡಿದು ಮುಂದೆ ನಡೆದ ಮದುವೆಗಳು ಬೇಕಾದಷ್ಟು ಆಗಿವೆ. ಆದರೆ ಯುಡೋರಾಗೆ ಆಸೆ ಇತ್ತು. ಅವಳು ಅದನ್ನು ಬಾಯಿಬಿಟ್ಟು ಹೇಳುವವಳಲ್ಲ. ಚರ್ಚಿನಲ್ಲಿ ಬೇರೆಯವರ ಮದುವೆಯಾದಾಗ ಕೊನೆಯ ಸಾಲಿನಲ್ಲಿ ಕೂತು, ಎಲ್ಲರೂ ಎದ್ದು ಹೋದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತಿದ್ದಳು. ಗುಡಿಂಗ್‌ನ ಬಳಿ ಮಾತೆತ್ತಿದರೆ ಒಮ್ಮೆ ಮಂಡಿನೋವು, ಒಮ್ಮೆ ಚಂಡಮಾರುತದ ತಿಂಗಳು, ಒಮ್ಮೆ ಟೆಸ್ಟ್ ಪಂದ್ಯ ಅಡ್ಡ ಬರುತ್ತಿತ್ತು.

ಹೀಗಿರುವಾಗ ಒಂದು ಶನಿವಾರ ಅಂಗಡಿಯ ಫೋನು ಬಡಿದುಕೊಂಡಿತು. ಗಲ್ಲಿಗೆಲ್ಲ ಅದೊಂದೇ ಫೋನು. ಡಾಮಿನೋ ಆಟ ಮುಗಿಯುವ ಹಂತದಲ್ಲಿತ್ತು. ನಮ್ಮಲ್ಲಿ ಬಿಲ್ಲೆಯನ್ನು ಮೇಜಿನ ಮೇಲೆ ಇಡುವುದಿಲ್ಲ, ಕುಟ್ಟುತ್ತೇವೆ. ಆ ಗದ್ದಲದಲ್ಲಿ ಮಿಸೆಸ್ ಪಿಲ್ಗ್ರಿಮ್ ಒಂದು ಕಿವಿಗೆ ಬೆರಳು ತುರುಕಿಕೊಂಡು ಇನ್ನೊಂದರಲ್ಲಿ ಕೇಳಿಸಿಕೊಂಡರು. ಫೋನು ಕೆಳಗಿಟ್ಟು ಏಪ್ರನ್ನಿನಲ್ಲಿ ಕೈ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು ಕೂತರು. ಅವರು ಕೂತದ್ದನ್ನು ನಾವು ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ.

“ಗವರ್ನರ್ ಜನರಲ್ ಬಂಗಲೆಯಿಂದ ಕಣ್ರಪ್ಪಾ. ಮುಂದಿನ ಒಂದನೇ ತಾರೀಕಿಂದ ಆಲ್ರಿಕ್ ಗುಡಿಂಗ್ ನೈಟ್ ಅಂತೆ. ಅವತ್ತು ಬೆಳಿಗ್ಗೆ ಬಂದು ಕೋಟು ಹಾಕ್ಕೊಂಡು ನೋಡಬೇಕಂತೆ. ನಾಯಿ ಕಂಡ್ರೆ ಹೆದರ್ತಾನಾ ಅಂತ ಕೇಳಿದ್ರು. ಇಲ್ಲ ಅಂದೆ.”

ಗವರ್ನರ್ ಜನರಲ್ ಎಂದರೆ ರಾಣಿಯ ಪ್ರತಿನಿಧಿ ಎಂಬುದು, ಸರ್ ಪದವಿ ಪಡೆದವನನ್ನು ನೈಟ್ ಎನ್ನುತ್ತಾರೆಂಬುದು ನಮ್ಮ ದ್ವೀಪದಲ್ಲಿ ಹಸುಗೂಸಿಗೂ ಗೊತ್ತು. ಆದರೂ ಒಂದು ಗಳಿಗೆ ಎಲ್ಲರೂ ಡೆನ್ಜಿಲ್‌ನ ಮುಖ ನೋಡಿದೆವು. ಅವನು ಸುಂಕದ ಕಚೇರಿಯಲ್ಲಿ ಪೆಟ್ಟಿಗೆ ತೆರೆಯದೆಯೇ ಒಳಗೇನಿದೆ ಎಂದು ಹೇಳುತ್ತಿದ್ದವನು. ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟ. ನಾಯಿಯ ಮಾತು ಬಂದದ್ದೇ ಸಾಕ್ಷಿ. ರಾಣಿಯ ಅರಮನೆಯಲ್ಲಿ ಕಾಲಿಗೊಂದು ನಾಯಿ ತೊಡರುತ್ತದೆ ಎಂದು ಜಗತ್ತಿಗೇ ಗೊತ್ತು. ಮೊದಲು ಹೀಗೆ ಗುಟ್ಟಾಗಿ ವಿಚಾರಿಸುವುದೇ ಅವರ ಪದ್ಧತಿ. ಇನ್ನು ಏಕೆ ಕೊಟ್ಟರು ಎಂಬುದಕ್ಕೂ ಅವನಲ್ಲಿ ಉತ್ತರ ಸಿದ್ಧವಿತ್ತು.

“ಆ ನೋಬಾಲ್ ಇಲ್ದಿದ್ರೆ ಅವನು ಸರ್ ಆಗ್ತಿದ್ನಾ? ಗುಡಿಂಗ್ ಕಾಲು ಒಂದಿಂಚು ಮುಂದೆ ಬಿದ್ದಿದ್ದಕ್ಕೆ ಅವನಿಗೆ ಶತಕ. ರಾಣಿಗೆ ಈಗ ಲೆಕ್ಕ ಸಿಕ್ಕಿದೆ. ಬೌಲರುಗಳಿಗೆ ನ್ಯಾಯ ಬಂತು ಅಂತ ತಿಳ್ಕೊಳ್ಳಿ.”

ಗುಡಿಂಗ್ ಕೈಯಲ್ಲಿದ್ದ ಹಂದಿಬಾಲವನ್ನು ತಟ್ಟೆಗೆ ಹಾಕಿ, ಫೋರ್ಕು ಕೇಳಿದ. ಆ ಅಂಗಡಿಯ ಚರಿತ್ರೆಯಲ್ಲಿ ಫೋರ್ಕು ಕೇಳಿದವರಲ್ಲಿ ಅವನೇ ಮೊದಲಿಗ.

ವಿಷಯವನ್ನು ಗುಟ್ಟಾಗಿ ಇಡಬೇಕೆಂದು ಎಲ್ಲರೂ ಆಣೆ ಮಾಡಿದೆವು. ಆದ್ದರಿಂದ ಸಂಜೆಯೊಳಗೆ ಮೀನುಮಾರುಕಟ್ಟೆಗೆಲ್ಲ ಗೊತ್ತಾಯಿತು. ನಾನು ಬಸ್ ಓಡಿಸುವವನು. ನನ್ನ ಬಸ್ಸಿನಲ್ಲಿ ಮೊದಲ ನಿಲ್ದಾಣದಲ್ಲಿ ಹತ್ತಿದ ಸುದ್ದಿ ಕೊನೆಯ ನಿಲ್ದಾಣದಲ್ಲಿ ಇಳಿಯುವಾಗ ಅದಕ್ಕೆ ಬಂಗಾರದ ಕಿರೀಟವೂ ಬಂದಿತ್ತು.

ಯುಡೋರಾಗೆ ತಿಳಿಸಲು ನಾವು ಮೆರವಣಿಗೆಯಲ್ಲೇ ಹೋದೆವು. ಅವಳು ಅಂಗಳದಲ್ಲಿ ಉಪ್ಪುಮೀನು ಕುಟ್ಟುತ್ತಿದ್ದಳು. ಮಿಸೆಸ್ ಪಿಲ್ಗ್ರಿಮ್ ಫೋನಿನಲ್ಲಿ ಕೇಳಿದ್ದನ್ನು ಅಕ್ಷರ ಬಿಡದೆ ಹೇಳಿದರು. “ನೈಟ್ ಅಂದ್ರಾ? ಒಂದನೇ ತಾರೀಕಿಂದಾನಾ?” ಎಂದು ಕೇಳಿದ ಯುಡೋರಾ ಗಕ್ಕನೆ ಗೋಡೆಯ ಕಡೆ ತಿರುಗಿ ಸೆರಗಿನಂತೆ ಹೆಗಲ ಮೇಲಿದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಬಹಳ ಹೊತ್ತು ಅಲುಗುತ್ತಿತ್ತು. ಆನಂದಬಾಷ್ಪ ಎಂದು ತಿಳಿದು ನಮ್ಮ ಕಣ್ಣುಗಳೂ ಒದ್ದೆಯಾದವು.

ಮರುದಿನದಿಂದ ಗುಡಿಂಗ್ ನಡೆಯುವ ರೀತಿಯೇ ಬದಲಾಯಿತು. ಮೊದಲು ಬೌಲಿಂಗಿಗೆ ಓಡಿ ಬರುವವನಂತೆ ಮುಂದಕ್ಕೆ ಬಾಗಿ ನಡೆಯುತ್ತಿದ್ದವನು, ಈಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೋಡ ನೋಡುತ್ತ ನಡೆಯತೊಡಗಿದ. ಎರಡು ಸಲ ಚರಂಡಿಗೆ ಬಿದ್ದ. ಎತ್ತಿದವರು ‘ಸರ್ ಆಲ್ರಿಕ್’ ಎಂದು ಕರೆದು ಎತ್ತಿದ್ದರಿಂದ ಅವನಿಗೆ ನೋವೇನೂ ಆಗಲಿಲ್ಲ. ದ್ವೀಪದ ಉತ್ತರದ ತುದಿಯಿಂದ ಒಬ್ಬ ಸೋದರ ಸಂಬಂಧಿ ಬಂದ. ಬೇಲಿಯ ಜಗಳದಲ್ಲಿ ಮಾತು ಬಿಟ್ಟವನು, ಈಗ ಎರಡು ಕೋಳಿ ಹಿಡಿದು ಬಂದು, ಅರಮನೆಗೆ ಹೋಗುವಾಗ ಟೋಪಿ ಹಿಡಿಯಲು ಒಬ್ಬರು ಬೇಕಾಗಬಹುದಲ್ಲ ಎಂದ. ಕ್ಷೌರದ ಅಂಗಡಿಯವನು ಗುಡಿಂಗ್‌ನ ತಲೆ ಮುಟ್ಟಿದ ಮೇಲೆ ಕತ್ತರಿಯನ್ನು ತೊಳೆಯಲಿಲ್ಲವಂತೆ.

ಮಂಡಿಯೂರುವ ಅಭ್ಯಾಸ ಅಂಗಡಿಯ ಹಿಂದೆ ನಡೆಯಿತು. ಡೆನ್ಜಿಲ್ ರಾಣಿಯಾದ. ಕಬ್ಬು ಕಡಿಯುವ ಕತ್ತಿಯನ್ನು ಚೆನ್ನಾಗಿ ಒರೆಸಿ ಮಂದವಾದ ಕಡೆಯಿಂದ ಹೆಗಲು ಮುಟ್ಟಿಸಿದ. ಕೆಳಗೆ ಹೋಗುವುದು ಗುಡಿಂಗ್‌ಗೆ ಕಷ್ಟವಾಗಲಿಲ್ಲ. “ಏಳಿ, ಸರ್ ಆಲ್ರಿಕ್” ಎಂದು ರಾಣಿಯ ದನಿಯಲ್ಲಿ ಡೆನ್ಜಿಲ್ ಹೇಳಿದ ಮೇಲೆ ಮಂಡಿ ಹಿಡಿದುಕೊಂಡಿತು. ನಾನು, ಕೋಳಿ ತಂದ ಸಂಬಂಧಿ ಮತ್ತು ಸ್ವತಃ ರಾಣಿ ಸೇರಿ ಎತ್ತಬೇಕಾಯಿತು.

ನಿಜವಾದ ತೊಡಕು ಫೋನು ಬಂದ ಮರುದಿನ ಭಾನುವಾರವೇ ಬಂದಿತ್ತು. ಚರ್ಚಿನ ಬಾಗಿಲಲ್ಲಿ ಯಾರೋ ಯುಡೋರಾಗೆ “ನಮಸ್ಕಾರ, ಲೇಡಿ ಗುಡಿಂಗ್” ಎಂದರು. ಪಾದ್ರಿ ಹಾರ್ಕೋರ್ಟ್ ಅವರು ಕನ್ನಡಕ ಸರಿಮಾಡಿಕೊಂಡು, ಸರ್‌ನ ಹೆಂಡತಿಯನ್ನು ಮಾತ್ರ ಲೇಡಿ ಎನ್ನಬಹುದು, ಇವರು ದೇವರ ಲೆಕ್ಕದಲ್ಲಿ ಇನ್ನೂ ಮಿಸ್ ಮೇನಾರ್ಡ್ ಎಂದು ಎಲ್ಲರ ಮುಂದೆ ತಿದ್ದಿದರು. ಯುಡೋರಾ ಟೋಪಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಮೆಟ್ಟಿಲಿಳಿದು ಹೋದಳು. ನನಗೆ ಆ ಕ್ಷಣ ಪಾದ್ರಿಯ ಮೇಲೂ ಕೋಪ ಬಂತು, ಗುಡಿಂಗ್ ಮೇಲೂ ಬಂತು.

ಅಂದು ಅಂಗಡಿಯಲ್ಲಿ ತುರ್ತುಸಭೆ. ಡೆನ್ಜಿಲ್ ನಮ್ಮ ದ್ವೀಪದ ಸರ್‌ಗಳನ್ನೆಲ್ಲ ಬೆರಳು ಮಡಚಿ ಎಣಿಸಿದ. ಒಬ್ಬೊಬ್ಬನಿಗೂ ಚರ್ಚಿನಲ್ಲಿ ಕಟ್ಟಿಕೊಂಡ ಹೆಂಡತಿ ಇದ್ದಾಳೆ ಎಂದು ಸಾಧಿಸಿದ. ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಏಕಿಲ್ಲ ಎಂಬ ನಮ್ಮ ಎಷ್ಟೋ ವರ್ಷದ ಒಗಟು ಹೀಗೆ ಬಗೆಹರಿಯಿತು.

“ಬ್ಯಾಟೂ ಅಲ್ಲ, ಬಾಲೂ ಅಲ್ಲ ಕಣೋ, ಮದುವೆ,” ಎಂದ ಡೆನ್ಜಿಲ್. “ರಾಣಿ ಬರೀ ರಾಣಿ ಅಲ್ಲ, ನಮ್ಮ ಚರ್ಚಿಗೇ ಯಜಮಾನಿ. ಮದುವೆ ಇಲ್ದೆ ಹೆಂಗಸಿನ ಜೊತೆ ಇರೋನ ಹೆಗಲಿಗೆ ಅವಳು ಕತ್ತಿ ಮುಟ್ಟಿಸ್ತಾಳಾ? ಕುತ್ತಿಗೆಗೆ ಮುಟ್ಟಿಸ್ತಾಳೆ.”

ಗುಡಿಂಗ್ ಬೆವರಿದ. ಆ ಸಂಜೆಯೇ ಅಂಗಳಕ್ಕೆ ಹೋಗಿ ಯುಡೋರಾ ಮುಂದೆ ನಿಂತ. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ಹಲಗೆಬೇಲಿ ಮಾತ್ರ, ಹಾಗಾಗಿ ನಾನು ಕೇಳಿಸಿಕೊಂಡೆ ಎನ್ನುವುದಕ್ಕಿಂತ ನನಗೆ ಕೇಳಿಸಿತು ಎನ್ನುವುದು ಸರಿ.

“ಯುಡೋರಾ, ನಮ್ಮ ಮದುವೆ ಆಗಬೇಕಾಗಿದೆ,” ಎಂದ, ಮನೆಗೆ ಸುಣ್ಣ ಹೊಡೆಸಬೇಕಾಗಿದೆ ಎಂಬಂತೆ. “ರಾಣಿ ಕಡೆಯಿಂದ ತೊಂದರೆ ಬರತ್ತೆ.”

“ರಾಣಿಗೋಸ್ಕರಾನಾ?”

“ಹೂಂ. ಅವಳಿಗೋಸ್ಕರಾನೇ.”

ಯುಡೋರಾ ಎಣ್ಣೆಯಲ್ಲಿದ್ದ ಬೋಂಡಗಳನ್ನು ಒಂದೊಂದಾಗಿ ಮಗುಚಿದಳು. ಆಮೇಲೆ, ಆಗಲಿ, ಆದರೆ ಚರ್ಚಿನಲ್ಲೇ ಆಗಬೇಕು, ಹೊಸ ಟೋಪಿ ಬೇಕು, ರಮ್ಮಿನಲ್ಲಿ ನೆನೆಸಿದ ಹಣ್ಣಿನ ಕರಿ ಕೇಕು ಬೇಕು, ಒಂದನೇ ತಾರೀಕಿಗೆ ಮುಂಚೆಯೇ ಮುಗಿಯಬೇಕು ಎಂದಳು. ಕೊನೆಯ ಷರತ್ತನ್ನು ಎರಡು ಸಲ ಹೇಳಿದಳು.

ನಮ್ಮ ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಗಂಡು ಹೆಣ್ಣಿನ ಹೆಸರು ಓದಿ, ಯಾರದ್ದಾದರೂ ತಕರಾರಿದೆಯೇ ಎಂದು ಕೇಳುತ್ತಾರೆ. ಮೊದಲ ಭಾನುವಾರ ಪಾದ್ರಿ ಹಾಗೆ ಕೇಳಿದಾಗ ಮಿಸೆಸ್ ಪಿಲ್ಗ್ರಿಮ್ ಎದ್ದು ನಿಂತರು. ಇಡೀ ಚರ್ಚು ಉಸಿರು ಬಿಗಿಹಿಡಿಯಿತು. ಇಷ್ಟು ತಡ ಮಾಡಿದ್ದೇ ತಮ್ಮ ತಕರಾರು, ಬೇರೇನೂ ಇಲ್ಲ, ಆದರೆ ಅದನ್ನು ದಾಖಲು ಮಾಡಿಕೊಳ್ಳಬೇಕು ಎಂದು ಹೇಳಿ ಕೂತರು.

ಮದುವೆ ಶನಿವಾರ ನಡೆಯಿತು. ಅಂದು ನಮ್ಮ ಅಂಗಡಿಯಲ್ಲಿ ಪುಡಿಂಗ್ ಇಲ್ಲ, ಡಾಮಿನೋ ಇಲ್ಲ, ಯಾರೂ ಗೊಣಗಲಿಲ್ಲ. ಯುಡೋರಾ ಹಳದಿ ಟೋಪಿ ಇಟ್ಟುಕೊಂಡು ಮುಂದಿನ ಸಾಲಿನ ಎದುರು ಬಂದು ನಿಂತಾಗ ಅವಳ ಮುಖ ನೋಡಬೇಕಿತ್ತು. ಗುಡಿಂಗ್‌ನ ಗಮನವೆಲ್ಲ ತನ್ನ ಬೆನ್ನು ನೆಟ್ಟಗಿದೆಯೇ ಎಂಬುದರ ಮೇಲಿತ್ತು. ಆಶೀರ್ವಾದಕ್ಕೆ ಮಂಡಿಯೂರಿದವನು ಏಳಲಾರದೆ ಉಳಿದ. ಪಾದ್ರಿ ಅದನ್ನು ಭಕ್ತಿಯೆಂದು ತಿಳಿದು ಇನ್ನೊಂದು ಪ್ರಾರ್ಥನೆ ಹೇಳಿದರು; ಅವನು ಆಗಲೂ ಏಳಲಿಲ್ಲ; ಮತ್ತೊಂದು ಹೇಳಿದರು. ಕೊನೆಗೆ ಯುಡೋರಾ ಒಂದೇ ಕೈಯಲ್ಲಿ ಅವನ ಕೋಟಿನ ಕಾಲರು ಹಿಡಿದು ಎತ್ತಿ ನಿಲ್ಲಿಸಿದಳು. ದಿನವೂ ಮೀನಿನ ಬುಟ್ಟಿ ಎತ್ತುವ ಕೈ ಅದು.

ಒಂದನೇ ತಾರೀಕು ಸೋಮವಾರ. ನನ್ನ ಬಸ್ಸಿಗೆ ಹೂವು ಕಟ್ಟಿ ಇಡೀ ಗಲ್ಲಿ ಬಂಗಲೆಗೆ ಹೊರಟಿತು. ಯುಡೋರಾ ಮಾತ್ರ ಬರಲಿಲ್ಲ. ಬೋಂಡ ಕರಿಯುವುದಿದೆ ಎಂದಳು. ಲೇಡಿ ಗುಡಿಂಗ್ ಇಂಥ ದಿನ ಬೋಂಡ ಕರಿಯುವುದೇ ಎಂದು ಮಿಸೆಸ್ ಪಿಲ್ಗ್ರಿಮ್ ಎಷ್ಟು ಹೇಳಿದರೂ ಕೇಳಲಿಲ್ಲ.

ಬಂಗಲೆಯ ದೊಡ್ಡ ಗೇಟಿನಲ್ಲಿ ನಮ್ಮ ಹೆಸರು ಹೇಳಿದಾಗ ಪಕ್ಕದ ಚಿಕ್ಕ ಗೇಟಿಗೆ ಹೋಗಿ ಎಂದರು. ಅಲ್ಲಿ ಕಾವಲುಗಾರರ ಮುಖ್ಯಸ್ಥ ಸಾರ್ಜೆಂಟ್ ಥಾರ್ನ್ ಎಂಬ ಎತ್ತರದ ಮನುಷ್ಯ ಮೇಜಿನ ಹಿಂದೆ ಕೂತಿದ್ದ. ಬಾಗಿಲಲ್ಲಿ, ಕಿಟಕಿಯಲ್ಲಿ ತುಂಬಿದ ನಮ್ಮ ಜನರನ್ನೂ ಅವರ ಟೋಪಿಗಳನ್ನೂ ನೋಡಿ, ಗುಡಿಂಗ್ ಯಾರು ಎಂದು ಕೇಳಿದ.

“ಸರ್ ಆಲ್ರಿಕ್ ಇವರೇ,” ಎಂದ ಡೆನ್ಜಿಲ್, ಬಾಗಿ.

“ಸರ್ ಅಂತ ಇವನು ನನಗನ್ನಬೇಕು,” ಎಂದ ಸಾರ್ಜೆಂಟ್.

ಆಮೇಲೆ ಅವನು ಮೂಲೆಯಲ್ಲಿದ್ದ ಉದ್ದನೆಯ ಕೋಲನ್ನು ಕೈಗೆತ್ತಿಕೊಂಡ. ಕೋಲು ಮೇಲಕ್ಕೆ ಏಳುವುದನ್ನು ಕಂಡದ್ದೇ ಗುಡಿಂಗ್, ಅಭ್ಯಾಸಬಲದಿಂದ, ದಡಕ್ಕನೆ ಮಂಡಿಯೂರಿ ತಲೆ ತಗ್ಗಿಸಿದ. ಒಳಬಾಗಿಲಿನಿಂದ ಕರುವಿನಷ್ಟು ದೊಡ್ಡ ಹೆಣ್ಣುನಾಯಿಯೊಂದು ಬಂದು ಅವನ ಮುಖವನ್ನು ಗಲ್ಲದಿಂದ ಹಣೆಯವರೆಗೆ ನೆಕ್ಕಿತು.

“ಇವಳು ಲೇಡಿ,” ಎಂದ ಸಾರ್ಜೆಂಟ್. “ರಾತ್ರಿಯಿಡೀ ಇವಳ ಜೊತೆ ಕಾಂಪೌಂಡು ಸುತ್ತಬೇಕು. ಕೋಲು, ಟಾರ್ಚು, ಕೋಟು ನಾವೇ ಕೊಡ್ತೀವಿ. ನೈಟ್ ಪಾಳಿಯಲ್ಲಿ ಯಾರೂ ನಿಲ್ತಾ ಇರಲಿಲ್ಲ, ನೀನು ಒಪ್ಪಿಕೊಂಡಿದ್ದು ಒಳ್ಳೇದಾಯ್ತು. ಸಂಜೆ ಆರಕ್ಕೆ ಬಾ. ಈಗ ಎದ್ದೇಳು.”

ಮಿಸೆಸ್ ಪಿಲ್ಗ್ರಿಮ್ ತಮ್ಮ ಕಿವಿಯೊಳಗೆ ಬೆರಳಿಟ್ಟು ತಿರುಗಿಸಿ ನೋಡಿಕೊಂಡರು. ಅದು ಚೆನ್ನಾಗಿಯೇ ಇತ್ತು. ಅವರು ಕೇಳಿಸಿಕೊಂಡ ಪ್ರತಿ ಅಕ್ಷರವೂ ನಿಜವೇ ಆಗಿತ್ತು. ಕೋಳಿ ತಂದ ಸಂಬಂಧಿ ಹಿಂದಿನಿಂದಲೇ ಜಾರಿಕೊಂಡ, ಮತ್ತು ಆ ದಿನವೇ ಗಲ್ಲಿಗೆ ಹೋಗಿ ಉಳಿದಿದ್ದ ಒಂದು ಕೋಳಿಯನ್ನು ವಾಪಸು ತೆಗೆದುಕೊಂಡನೆಂದು ಆಮೇಲೆ ತಿಳಿಯಿತು.

ಬಸ್ಸಿನಲ್ಲಿ ಗುಡಿಂಗ್ ಖಾಕಿ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸಮಾಧಾನ ಹೇಳುವ ಜವಾಬ್ದಾರಿ ಡೆನ್ಜಿಲ್ ಹೊತ್ತುಕೊಂಡ. ಕ್ರಿಕೆಟ್ಟಿನಲ್ಲೂ ನೈಟ್ ವಾಚ್‌ಮನ್ ಎಂದಿಲ್ಲವೇ, ಕತ್ತಲಾಗುವ ಹೊತ್ತಿಗೆ ಒಳ್ಳೆಯ ಬ್ಯಾಟ್ಸ್‌ಮನ್ನನನ್ನು ಉಳಿಸಲು ಬಡಪಾಯಿ ಬೌಲರನನ್ನು ಕಳಿಸುವುದಿಲ್ಲವೇ, ಬೌಲರುಗಳಿಗೆ ಸಿಗುವ ನೈಟ್ ಅದೊಂದೇ ಎಂದ. ಗುಡಿಂಗ್ ಅವನ ಕಡೆ ತಿರುಗಿಯೂ ನೋಡಲಿಲ್ಲ.

“ನಂದೇನೂ ಇಲ್ಲ ಮಾರಾಯ,” ಎಂದ ನನಗೆ, ಗಲ್ಲಿ ಹತ್ತಿರ ಬಂದಾಗ. “ಅವಳಿಗೆ ಏನಂತ ಹೇಳ್ಲಿ? ಲೇಡಿ ಆಗ್ತೀನಿ ಅಂತ ಮದುವೆ ಆದವಳು. ಈಗ ಹೊರಟುಹೋದ್ರೆ?” ಇಪ್ಪತ್ತಾರು ವರ್ಷದಲ್ಲಿ ಅವಳು ಹೋಗಿಬಿಡಬಹುದು ಎಂಬ ಯೋಚನೆ ಅವನಿಗೆ ಬಂದದ್ದು ಅದೇ ಮೊದಲು. ಆ ಕ್ಷಣ ಅವನ ಮೇಲೆ ನನಗಿದ್ದ ಕೋಪವೆಲ್ಲ ಇಳಿದುಹೋಯಿತು.

ಅವರು ಮಾತಾಡುವಾಗ ನಾನು ಬೇಲಿಯ ಈಚೆ ಟೊಮೇಟೊ ಗಿಡಕ್ಕೆ ನೀರು ಹಾಕುತ್ತಿದ್ದೆ. ಮಾತು ಮುಗಿಯುವವರೆಗೂ ಹಾಕಿದೆ. ಗಿಡ ಆ ವಾರದಲ್ಲೇ ಸತ್ತಿತು.

ಗುಡಿಂಗ್ ಎಲ್ಲವನ್ನೂ ಹೇಳಿದ, ನಾಯಿ ನೆಕ್ಕಿದ್ದನ್ನೂ ಬಿಡಲಿಲ್ಲ. ಯುಡೋರಾ ಬಾಣಲೆಯಿಂದ ಕಣ್ಣೆತ್ತದೆ ಕೇಳಿದಳು. ಕೇಳಿ ಮುಗಿದ ಮೇಲೆ, ಸಾರ್ಜೆಂಟ್ ಥಾರ್ನ್ ದಿನಾ ಬೆಳಿಗ್ಗೆ ತನ್ನ ಹತ್ತಿರವೇ ಬೋಂಡ ತಿನ್ನುವುದು, ಅವನ ಕಿವಿಗೆ ಗುಡಿಂಗ್‌ನ ಹೆಸರು ಹಾಕಿದ್ದು ತಾನೇ, ಒಪ್ಪಿಗೆ ಕೊಟ್ಟದ್ದೂ ತಾನೇ, ಆ ಶನಿವಾರ ಬೆಳಿಗ್ಗೆಯೇ ಕೆಲಸ ಆಯಿತೆಂದು ಅವನು ತನಗೆ ಹೇಳಿ ಹೋಗಿದ್ದ ಎಂದಳು.

“ಹಾಗಾದ್ರೆ ನಿನಗೆ ಮೊದ್ಲಿಂದ್ಲೂ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಹೇಳ್ಲಿಲ್ಲ?”

“ಇಪ್ಪತ್ತಾರು ವರ್ಷ ನಿನ್ನನ್ನ ಚರ್ಚಿಗೆ ಕರ್ಕೊಂಡು ಹೋಗೋರು ಯಾರೂ ಸಿಗ್ಲಿಲ್ಲ. ರಾಣೀನೇ ಬಂದು ಕೈ ಹಿಡಿದು ಕರ್ಕೊಂಡು ಹೋಗ್ತಾ ಇದ್ರೆ ನಾನ್ಯಾಕೆ ಅಡ್ಡ ಬರ್ಲಿ?”

ಗುಡಿಂಗ್ ಕೋಟನ್ನು ಕಂಬಕ್ಕೆ ನೇತುಹಾಕಿ ಕಲ್ಲಿನ ಮೇಲೆ ಕೂತ. ಅವನಿಗೆ ಸಿಟ್ಟು ಬಂದಿದೆ ಎಂದು ನಾನು ಹೆದರಿದೆ.

“ರಾಣಿ, ಸರ್ ಏನೂ ಇಲ್ದೆ, ಬರೀ ಬಣ್ಣ ಬಳಿಯೋ ಗುಡಿಂಗ್ ಕೇಳಿದ್ರೂ ನೀನು ಹೂಂ ಅಂತಿದ್ಯಾ?” ಎಂದು ಕೊನೆಗೆ ಕೇಳಿದ.

“ಗೊತ್ತಿಲ್ಲ. ನೀನು ಒಂದು ಸಲಾನೂ ಕೇಳ್ಲಿಲ್ವಲ್ಲ. ಅವತ್ತೂ ಕೇಳ್ಲಿಲ್ಲ, ಆಗಬೇಕಾಗಿದೆ ಅಂದೆ.”

ಗುಡಿಂಗ್ ಎದ್ದು, ಶರ್ಟನ್ನು ಎಳೆದು ಸರಿಮಾಡಿಕೊಂಡು, ಬಾಣಲೆಯ ಪಕ್ಕಕ್ಕೆ ಬಂದು ನಿಂತ. ಮದುವೆಯಾಗಿ ಎರಡು ದಿನವಾಗಿದ್ದ ಆ ಮನುಷ್ಯ ಹೆಂಡತಿಯ ಮುಖ ನೋಡಿ, ತಡವರಿಸುತ್ತ, “ಯುಡೋರಾ, ನನ್ನ ಮದುವೆ ಆಗ್ತೀಯಾ?” ಎಂದು ಕೇಳಿದ.

ಯುಡೋರಾ ಸೌಟನ್ನು ಕೆಳಗಿಟ್ಟಳು. ಕಣ್ಣು ಒರೆಸಿಕೊಂಡಳು. ಆಮೇಲೆ ಬಿಸಿ ಬೋಂಡ ನಾಲ್ಕನ್ನು ಕಾಗದದಲ್ಲಿ ಕಟ್ಟಿ ಅವನ ಕೈಗಿಟ್ಟಳು.

“ಯೋಚನೆ ಮಾಡಿ ಹೇಳ್ತೀನಿ,” ಎಂದಳು. “ಈಗ ಕೆಲಸಕ್ಕೆ ಹೊರಡು, ನಾಯಿ ಕಾಯ್ತಿರತ್ತೆ.”